ಹಿಟ್ಟಿನ ಡಬ್ಬಿಗೆ ಎಷ್ಟು ಅಂಕ?

ಜನವರಿ ತಿಂಗಳ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮನೆಗೆ ತಂದು ತಿದ್ದುತ್ತಿದ್ದ ಒಂದು ರಾತ್ರಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನಾಗ ಹತ್ತನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧವನ್ನು ಕೇಳಿದ್ದೆವು. ಒಂದಾದ ಮೇಲೊಂದು ಪತ್ರಿಕೆಯಲ್ಲಿ ಗೈಡಿನ ಅದೇ ಪ್ರಬಂಧ: ಕರಿಮೋಡ, ಗರಿಬಿಚ್ಚಿ ಕುಣಿಯುವ ನವಿಲು, ಹಸಿರು ಸೀರೆಯುಟ್ಟ ಭೂಮಿತಾಯಿ, ಕೊನೆಯಲ್ಲಿ ರೈತನ ಮೊಗದ ಮಂದಹಾಸ. ಬರೆದವರೆಲ್ಲ ಧಾರಾವಿ, ಆಂಟಾಪ್ ಹಿಲ್, ವಡಾಲದ ಖೋಲಿಗಳ ಮಕ್ಕಳು. ಅವರ ಮಳೆಗಾಲದಲ್ಲಿ ನವಿಲಿಗೆ ಜಾಗವಿಲ್ಲ.

ಒಬ್ಬ ಹುಡುಗಿ ಮಾತ್ರ ಬೇರೆಯಾಗಿ ಬರೆದಿದ್ದಳು. ಕಟ್ಟಡದ ಕೆಲಸಕ್ಕೆಂದು ಕಲಬುರಗಿಯ ಕಡೆಯಿಂದ ಬಂದ ಮನೆಯವಳು. ರಾತ್ರಿ ಖೋಲಿಯೊಳಗೆ ಗಟಾರದ ನೀರು ನುಗ್ಗಿದಾಗ ಅವ್ವ ಮೊದಲು ಜೋಳದ ಹಿಟ್ಟಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಆಮೇಲೆ ಮಲಗಿದ್ದ ತಮ್ಮನನ್ನು ಎತ್ತಿಕೊಂಡಳೆಂದೂ, ತಾನು ಬೆಳಗಾಗುವ ತನಕ ಟ್ರಂಕಿನ ಮೇಲೆ ಕುಳಿತು ನೀರು ಎಷ್ಟು ಬೆರಳು ಏರಿತೆಂದು ಎಣಿಸುತ್ತಿದ್ದೆನೆಂದೂ ಬರೆದಿದ್ದಳು. ‘ಮ್ಯಾಲೆ’, ‘ಇಟ್ಲು’ ಎಂಬಂತಹ ಮಾತುಗಳು ಸಾಲುಸಾಲಿಗೂ ಇದ್ದವು. ಪೀಠಿಕೆ ಇರಲಿಲ್ಲ, ಉಪಸಂಹಾರವೂ ಇರಲಿಲ್ಲ. ಅಂಕ ಹಂಚಿಕೆಯ ನಿಯಮದಂತೆ ನಾನು ಅವಳಿಗೆ 8ಕ್ಕೆ 3 ಕೊಟ್ಟೆ. ನವಿಲು ಕುಣಿಸಿದವರಿಗೆ 6 ಕೊಟ್ಟೆ.

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮಾದರಿ ಉತ್ತರ, ಒಂದೇ ಅಳತೆ ಎಂಬ ಪರೀಕ್ಷಾ ಪದ್ಧತಿಯಿಂದ ಮಕ್ಕಳ ಏಳಿಗೆಗೆ ಆಗುವುದೇನು ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಆ ಪತ್ರಿಕೆ ನೆನಪಾಗುತ್ತದೆ. ಅಳತೆಗೋಲು ಬದಲಾದರೆ ಮಗುವಿನ ಯೋಗ್ಯತೆಯೇ ಬದಲಾದಂತೆ ಕಾಣುತ್ತದೆ ಎಂಬುದನ್ನು ಮಹಾರಾಷ್ಟ್ರದ ಎಸ್.ಎಸ್.ಸಿ., ಅಂದರೆ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯ ಫಲಿತಾಂಶಗಳೇ ತೋರಿಸಿವೆ. 2018ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ. 89.41 ಇತ್ತು. ಮರುವರ್ಷ ಭಾಷಾ ವಿಷಯಗಳಲ್ಲಿ ಶಾಲೆಯ ಕೈಯಲ್ಲಿದ್ದ 20 ಅಂಕಗಳ ಮೌಖಿಕ ಪರೀಕ್ಷೆಯನ್ನು ತೆಗೆದುಹಾಕಿದರು; ಪಠ್ಯಕ್ರಮವೂ ಹೊಸದಾಗಿತ್ತು. 2019ರ ಫಲಿತಾಂಶ ಶೇ. 77.10ಕ್ಕೆ ಕುಸಿಯಿತು. ಆ 20 ಅಂಕಗಳನ್ನು ಮರಳಿಸಿದ 2020ರಲ್ಲಿ, ಕೊರೋನಾದಿಂದಾಗಿ ಭೂಗೋಳದ ಪತ್ರಿಕೆ ರದ್ದಾದ ವರ್ಷದಲ್ಲಿ, ಅದು ಶೇ. 95.30ಕ್ಕೆ ಏರಿತು. ಪರೀಕ್ಷೆಯೇ ನಡೆಯದ 2021ರಲ್ಲಿ ಶೇ. 99.95. ನಾಲ್ಕು ವರ್ಷಗಳಲ್ಲಿ ಒಂದು ರಾಜ್ಯದ ಮಕ್ಕಳ ಬುದ್ಧಿ ಹೀಗೆ ಕುಸಿದು, ಮತ್ತೆ ಚಿಗುರಿ, ಮುಗಿಲಿಗೇರಲು ಸಾಧ್ಯವೇ? ಆದರೆ 2019ರಲ್ಲಿ ನಪಾಸಾದ ಮಗುವಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಲಿಲ್ಲ. ತಾನು ದಡ್ಡನೆಂದೇ ಅದು ನಂಬಿತು.

ಮೌಖಿಕ ಅಂಕಗಳನ್ನು ಶಾಲೆಗಳು ಕೈಬಿಚ್ಚಿ ಹಂಚುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಅದಕ್ಕೆ ಮದ್ದು ಮೌಖಿಕವನ್ನು ಸರಿಯಾಗಿ ನಡೆಸುವುದೇ ಹೊರತು ಕಿತ್ತೆಸೆಯುವುದಲ್ಲ.

ಇದಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ. ಅಂಕ ಮಗುವಿನದಷ್ಟೇ ಆಗಿ ಉಳಿಯದೆ ಶಾಲೆಯ ಅಂಕವೂ ಆದಾಗ ಕಲಿಸುವವರ ಕಣ್ಣು ಬೇರೆಡೆಗೆ ಹೊರಳುತ್ತದೆ. ಮುಂಬಯಿಯ ಕನ್ನಡ ಶಾಲೆಗಳಿಗೆ ಮಕ್ಕಳೇ ಸಿಗದ ಕಾಲದಲ್ಲಿ, ಗೇಟಿಗೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಫಲಕ ತೂಗುಹಾಕುವುದು ಶಾಲೆಯ ಉಳಿವಿನ ಪ್ರಶ್ನೆಯಾಗಿಬಿಡುತ್ತದೆ. ಆಗ ಹಿಂದುಳಿದ ಮಗುವನ್ನು ಒಂಬತ್ತರಲ್ಲೇ ನಿಲ್ಲಿಸುವುದು, ಇಲ್ಲವೇ ಪಾಲಕರನ್ನು ಕರೆಸಿ ‘17 ನಂಬರ್ ಫಾರ್ಮ್’ ತುಂಬಿ ಖಾಸಗಿಯಾಗಿ ಕುಳ್ಳಿರಿಸಿ ಎಂದು ಮೆಲ್ಲನೆ ಹೇಳುವುದು ನಡೆಯುತ್ತದೆ. ಹೊರಗಿನಿಂದ ಪರೀಕ್ಷೆಗೆ ಕೂರುವವರಿಗೊಂದು ಅವಕಾಶವಿರಲಿ ಎಂದು ಇರುವ ಆ ಅರ್ಜಿ, ಶಾಲೆಯ ಶೇಕಡಾವಾರು ಕೆಡದಂತೆ ಮಗುವನ್ನು ಪಟ್ಟಿಯಿಂದ ಜಾರಿಸುವ ಹಿಂಬಾಗಿಲಾಗುತ್ತದೆ. ಅಂತಹ ಒಂದು ಸಭೆಯಲ್ಲಿ ನಾನೂ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ಆ ತಂದೆ ಕೈಮುಗಿದು ‘ನಿಮಗ ತಿಳಿದಂಗ ಮಾಡ್ರಿ’ ಎಂದು ಹೆಬ್ಬೆಟ್ಟೊತ್ತಿ ಹೋದರು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಸಮಾಜದ ಯಾವುದೇ ಅಳತೆಯನ್ನು ನಿರ್ಧಾರಗಳಿಗೆ ಆಧಾರ ಮಾಡಿಕೊಂಡಷ್ಟೂ ಆ ಅಳತೆಯೇ ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿಯೇ ಎಚ್ಚರಿಸಿದ್ದರು. ಆದರೂ ಅವರ ದೇಶದಲ್ಲೇ 2002ರಲ್ಲಿ ಜಾರಿಗೆ ಬಂದ ಕಾನೂನು ಮೂರರಿಂದ ಎಂಟನೆಯ ತರಗತಿಯವರೆಗೆ ಓದು ಮತ್ತು ಗಣಿತದ ವಾರ್ಷಿಕ ಪರೀಕ್ಷೆಯನ್ನು ಕಡ್ಡಾಯ ಮಾಡಿ, ಫಲಿತಾಂಶಕ್ಕೆ ಶಾಲೆಗಳನ್ನು ಹೊಣೆ ಮಾಡಿತು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಿ ತಿದ್ದಿದ್ದು ಬಯಲಾಯಿತು. 2011ರ ತನಿಖಾ ವರದಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರ ಮೇಲೆ ಬೆರಳು ತೋರಿಸಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ತಂದೆಯ ಹೆಬ್ಬೆಟ್ಟು.

ಇಷ್ಟಾದರೂ ಬೋರ್ಡ್ ಪರೀಕ್ಷೆಯನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ, ಏಕೆಂದರೆ ಈ ನಗರದ ಕನ್ನಡಿಗರ ಬದುಕಿನಲ್ಲಿ ಅದಕ್ಕಿರುವ ಋಣ ದೊಡ್ಡದು. ಊರಿನಿಂದ ಬರಿಗೈಯಲ್ಲಿ ಬಂದು, ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿದ ಹುಡುಗರಿಗೆ ಶಿಫಾರಸು ಮಾಡುವ ಮಾವಂದಿರು ಇರಲಿಲ್ಲ. ಹೆಸರು ನೋಡದೆ, ಮನೆತನ ಕೇಳದೆ, ಬರೆದದ್ದಕ್ಕೆ ಅಂಕ ಕೊಟ್ಟದ್ದು ಆ ಪರೀಕ್ಷೆಯೊಂದೇ. ವಿಷಯಕ್ಕೆ 35 ಅಂಕ ದಾಟಿದ ಒಂದು ಪ್ರಮಾಣಪತ್ರ ಅವರಲ್ಲಿ ಎಷ್ಟೋ ಜನರನ್ನು ಬ್ಯಾಂಕಿನ ಕೌಂಟರಿಗೆ, ಕಾನೂನು ಕಾಲೇಜಿಗೆ ಮುಟ್ಟಿಸಿತು. ಶಾಲೆಯವರೇ ಅಂಕ ಕೊಡುವಂತಿದ್ದರೆ ಬಡವನ ಮಗನ ಅಂಕಪಟ್ಟಿಗೆ ಹೊರಗೆ ಯಾರು ಬೆಲೆ ಕೊಡುತ್ತಿದ್ದರು?

ಹಾಗಾಗಿ ಪರೀಕ್ಷೆ ಇರಲಿ. ಅದರ ಫಲಿತಾಂಶವನ್ನು ಶಾಲೆಯ ಗೇಟಿಗೆ ತೂಗುಹಾಕುವುದು ನಿಲ್ಲಲಿ. ಹತ್ತನೆಯ ತರಗತಿಯವರೆಗೆ ಕಾಯದೆ, ಮಗು ಎಲ್ಲಿ ತಡವರಿಸುತ್ತಿದೆಯೆಂದು ಮೂರನೆಯದರಲ್ಲೇ ತಿಳಿಯಲಿ. 1995ರಲ್ಲಿ ಇದೇ ಮುಂಬಯಿಯ ಬಡ ಬಸ್ತಿಗಳಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ರೀತಿ ನನಗೆ ಬಹಳ ಹಿಡಿಸುತ್ತದೆ. ಹಳ್ಳಿಯ ಮನೆಬಾಗಿಲಿಗೆ ಹೋಗಿ, ಮಗುವಿನ ಪಕ್ಕದಲ್ಲಿ ಕುಳಿತು, ಅಕ್ಷರ, ಪದ, ಸಣ್ಣ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಕಥೆ ಇರುವ ಒಂದು ಹಾಳೆಯನ್ನು ಓದಿಸುತ್ತಾರೆ. ಪಾಸು, ನಪಾಸು ಎಂಬುದಿಲ್ಲ. 2022ರಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಆ ಕಥೆಯನ್ನು ಓದಬಲ್ಲವರು ಶೇ. 42.8 ಮಾತ್ರವೆಂದು ತಿಳಿದದ್ದು ಹೀಗೆ. ಇದೂ ಎಲ್ಲರಿಗೂ ಒಂದೇ ಅಳತೆ, ಆದರೆ ಇಲ್ಲಿ ಮಗುವಿಗೆ ಶಿಕ್ಷೆಯಿಲ್ಲ.

ತಿದ್ದಿದ ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ಆ ಹುಡುಗಿ ನನ್ನ ಮೇಜಿನ ಬಳಿ ಬಂದು, ‘ಟೀಚರ್ರಿ, ನವಿಲಿನ ಬಗ್ಗೆ ಬರೀಬೇಕಿತ್ತೇನ್ರಿ?’ ಎಂದು ಕೇಳಿದಳು. ಬೋರ್ಡ್ ಪರೀಕ್ಷೆಗೆ ಏಳು ವಾರ ಉಳಿದಿತ್ತು. ಹೌದು ಎಂದೆ. ಮಾರ್ಚಿನ ಹೊತ್ತಿಗೆ ಅವಳು ಗೈಡಿನ ಹನ್ನೆರಡು ಪ್ರಬಂಧಗಳನ್ನು ಒಂದಕ್ಷರ ತಪ್ಪದಂತೆ ಬಾಯಿಪಾಠ ಮಾಡಿಕೊಂಡಿದ್ದಳು. ಒಪ್ಪಿಸುವಾಗ ನಾನೇ ಎದುರಿಗೆ ಕುಳಿತು ಕೇಳಿಸಿಕೊಂಡೆ.