ಎಬ್ಬಿಸುವವರಿಲ್ಲದೆ ಮಲಗಿದ ಥ್ರೆಡ್

ಲಿನಕ್ಸ್ ಕರ್ನಲ್‌ನಲ್ಲಿ ಮತ್ತೆ ಮತ್ತೆ ತಲೆ ಎತ್ತುವ ಬಗ್ ಇದು. ಮಲಗಿದ ಥ್ರೆಡ್ ಅನ್ನು ಎಬ್ಬಿಸುವ ಕೋಡ್, ಅದು ಕಾಯುತ್ತಿರುವ ಕಂಡೀಷನ್‌ಗೆ 1 ಬರೆಯುತ್ತದೆ, ಕಾಯುವವರ ಕ್ಯೂನಲ್ಲಿ ಯಾರಾದರೂ ಇದ್ದಾರೆಯೇ ಎಂದು ವೇಟ್‌ಕ್ಯೂ_ಆಕ್ಟಿವ್ ಮೂಲಕ ಕೇಳುತ್ತದೆ, ಯಾರಾದರೂ ಕಾಯುತ್ತಿದ್ದರೆ ಮಾತ್ರ ವೇಕ್_ಅಪ್ ಕರೆಯುತ್ತದೆ. ಓದುವಾಗ ಏನೂ ತಪ್ಪು ಕಾಣಲ್ಲ. ಆದರೆ ಆ 1 ಇನ್ನೂ ಸ್ಟೋರ್ ಬಫರ್‌ನಲ್ಲೇ (ಬರೆದದ್ದು ಬೇರೆ ಸಿಪಿಯುಗಳಿಗೆ ಕಾಣುವ ಮುನ್ನ ತಂಗುವ ಜಾಗ) ಕೂತಿರುವಾಗ ಸಿಪಿಯು ಕ್ಯೂವನ್ನು ಓದಿಬಿಡಬಹುದು, ಆಗ ಅದು ಖಾಲಿ. ಅದೇ ಹೊತ್ತಿಗೆ ಇನ್ನೊಂದು ಸಿಪಿಯುನಲ್ಲಿ ಥ್ರೆಡ್ ಕ್ಯೂ ಸೇರಿ, ಹಳೆಯ 0 ಓದಿ ಮಲಗುತ್ತದೆ. ಮತ್ತೆ ಯಾರೂ ಎಬ್ಬಿಸುವುದಿಲ್ಲ.

‘ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಸಿಪಿಯುಗಳಲ್ಲಿ) ಹೀಗಾಗಲ್ಲ’ ಅನ್ನುವುದು ಅಪಾಯದ ನಂಬಿಕೆ. ಸ್ಟೋರ್ (ಬರೆಯುವುದು) ದಾಟಿ ನಂತರದ ಲೋಡ್ (ಓದುವುದು) ಮುಂದೆ ಹೋಗುವುದನ್ನು ಅದೂ ತಡೆಯುವುದಿಲ್ಲ. ಈ ಕ್ರಮ ಕಾಯಲು ಮೆಮೊರಿ ಬ್ಯಾರಿಯರ್ ಬೇಕು. ಆದರೆ ಎಸ್‌ಎಂಪಿ_ಡಬ್ಲ್ಯುಎಂಬಿ ಎಂಬ ಬ್ಯಾರಿಯರ್ ಇಲ್ಲಿ ಉಪಯೋಗಕ್ಕಿಲ್ಲ, ಅದು ಸ್ಟೋರ್‌ಗಳ ನಡುವಿನ ಕ್ರಮವನ್ನಷ್ಟೇ ಕಾಯುತ್ತದೆ. ಪೂರ್ಣ ಎಸ್‌ಎಂಪಿ_ಎಂಬಿಯೇ ಬೇಕು, ಅದೂ ಎರಡೂ ಕಡೆ. ಕಾಯುವ ಕಡೆಯದು ಪ್ರಿಪೇರ್_ಟು_ವೇಟ್ ಒಳಗೇ ಇದೆ. ಎಬ್ಬಿಸುವ ಕಡೆ ವೇಟ್‌ಕ್ಯೂ_ಆಕ್ಟಿವ್ ಬದಲು, ಒಳಗೇ ಬ್ಯಾರಿಯರ್ ಇರುವ ಡಬ್ಲ್ಯುಕ್ಯೂ_ಹ್ಯಾಸ್_ಸ್ಲೀಪರ್ ಬಳಸಿ, ಇಲ್ಲವೇ ಆ ಪರೀಕ್ಷೆಯನ್ನೇ ಕಿತ್ತುಹಾಕಿ ನೇರ ವೇಕ್_ಅಪ್ ಕರೆಯಿರಿ. ವೇಗವೇ ಮುಖ್ಯವಲ್ಲದ ದಾರಿಯಲ್ಲಿ ಎರಡನೆಯದೇ ಮೇಲು.

ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಬರೆಯುವ ಫಂಕ್ಷನ್) ಹಾಕಿ ಹುಡುಕಲು ಹೋಗಬೇಡಿ. ಟೈಮಿಂಗ್ ಬದಲಾಗಿ ಬಗ್ ಮಾಯವಾಗುತ್ತದೆ. ಎರಡೂ ಕಡೆಯ ನಾಲ್ಕು ಸಾಲನ್ನು ಲಿಟ್ಮಸ್ ಟೆಸ್ಟ್ (ಮೆಮೊರಿ ಕ್ರಮ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ) ಆಗಿ ಬರೆದು, ಸಾಧ್ಯವಿರುವ ಫಲಿತಾಂಶಗಳನ್ನೆಲ್ಲ ಲೆಕ್ಕ ಹಾಕುವ ಹರ್ಡ್7 ಟೂಲ್‌ಗೆ ಕೊಡಿ, ಎರಡೂ ಲೋಡ್ 0 ಆಗಬಹುದೇ ಎಂದು ಅದೇ ಹೇಳುತ್ತದೆ. ಬ್ಯಾರಿಯರ್ ಯಾವತ್ತೂ ಒಂಟಿಯಾಗಿ ಕೆಲಸ ಮಾಡುವುದಿಲ್ಲವಲ್ಲ, ಆದ್ದರಿಂದ ಅದರ ಮೇಲಿನ ಕಾಮೆಂಟ್‌ನಲ್ಲಿ ಜೋಡಿ ಬ್ಯಾರಿಯರ್ ಯಾವ ಫಂಕ್ಷನ್‌ನಲ್ಲಿದೆ ಎಂದು ಬರೆಯಿರಿ.