ಬ್ಲಾಕ್ ಮೇಲಿನ ನಂಬರ್ ನೋಡದೆ ಹಳೇ ಕಾರು ತಗೋಬೇಡಿ

"ಎಂಜಿನ್ ಸೀಲ್ ಓಪನ್ ಆಗಿಲ್ಲ ಸಾರ್." ಅಂದರೆ ಎಂಜಿನ್ ಯಾವತ್ತೂ ಬಿಚ್ಚಿಲ್ಲ ಅಂತ. ಹಳೇ ಕಾರು ಮಾರುವವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ನಾನು ಶಿವಮೊಗ್ಗದ ಕಡೆ ವಾಹನ ವಿಮೆಯ ಸರ್ವೇಯರ್. ಗುದ್ದಿಸಿಕೊಂಡು ಬಂದ ಕಾರಿನ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡುವುದು ನನ್ನ ನಿತ್ಯದ ಕೆಲಸ. ಹಾಗಾಗಿ ಪರಿಚಯದವರು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟರೆ ನನ್ನನ್ನೂ ಕರೆಯುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಇದು ಕಂಪನಿಯಿಂದ ಬಂದ ಎಂಜಿನ್ನೇ ಅಲ್ವಾ?

ಎಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೆ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಲೋಹದ ಭಾಗದ ಮೇಲೆ. ಬ್ಲಾಕಿನ ಮೇಲೆ ಕೂರುವ ಹೆಡ್ ಬದಲಾಯಿಸಲಿ, ಪಿಸ್ಟನ್ ಹೊಸದು ಹಾಕಲಿ, ಸವೆದ ಸಿಲಿಂಡರನ್ನು ಕೊರೆಸಿ ರೀಬೋರ್ ಮಾಡಿಸಲಿ, ನಂಬರ್ ಅದೇ ಉಳಿಯುತ್ತದೆ. ಅದು ರಿಪೇರಿ, ಅಷ್ಟೇ. ಬ್ಲಾಕ್ ಬದಲಾದರೆ ಮಾತ್ರ ಎಂಜಿನ್ ಬದಲಾದ ಲೆಕ್ಕ. ಚಾಸಿ ನಂಬರಿನ 17 ಅಕ್ಷರಗಳಲ್ಲಿ ಎಂಜಿನ್ ನಂಬರ್ ಅಡಗಿರುತ್ತದೆ ಅಂತ ಕೆಲವರು ನಂಬಿದ್ದಾರೆ. ಇಲ್ಲ, ಅವೆರಡೂ ಬೇರೆ ಬೇರೆ. ವಾಹನದ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ನಂಬರಿನ ಒಂದಷ್ಟು ಭಾಗ ಮುಚ್ಚಿರುತ್ತದೆ. ಪೂರ್ತಿ ನಂಬರ್ ಬೇಕೆಂದರೆ ಆರ್‌ಸಿಯನ್ನೇ ಕೈಗೆ ತಗೊಳ್ಳಿ. ಜೆರಾಕ್ಸ್ ಬೇಡ.

ಹೋದ ವರ್ಷ ನಮ್ಮ ಬೀದಿಯ ಮೇಷ್ಟ್ರೊಬ್ಬರು ಮಾರುತಿ 800 ನೋಡಿದ್ದರು. 2005ರ ಗಾಡಿ, ಬಣ್ಣ ಚೆನ್ನಾಗಿತ್ತು, ಸ್ಟಾರ್ಟ್ ಮಾಡಿದರೆ ಸದ್ದೂ ಹದವಾಗಿತ್ತು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಎಫ್8ಬಿ ಅಂತ ಶುರುವಾಗುತ್ತದೆ, ಬ್ಲಾಕ್ ಮೇಲೂ ಎಫ್8ಬಿ. ಮೇಷ್ಟ್ರು ಅಷ್ಟಕ್ಕೇ ಖುಷಿಯಾದರು. ಆದರೆ ಓಮ್ನಿಯಲ್ಲೂ ಇದೇ 796 ಸಿಸಿಯ ಎಫ್8ಬಿ ಎಂಜಿನ್. ಗುಜರಿಯಿಂದ ತಂದ ಓಮ್ನಿ ಬ್ಲಾಕ್ ಆದರೂ ಮೊದಲ ಅಕ್ಷರಗಳು ಹೀಗೇ ಇರುತ್ತವೆ. ಮುಂದಿನ ಅಂಕಿಗಳನ್ನು ಒಂದೊಂದಾಗಿ ಓದಬೇಕು.

ಓದಿದೆವು. ಒಂದೂ ತಪ್ಪಿರಲಿಲ್ಲ. ಆಮೇಲೆ ನಾನು ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಆ ಜಾಗವನ್ನು ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ನೇರವಾಗಿ ಬೆಳಕು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ, ಓರೆಯಾಗಿ ಬಿಟ್ಟರೆ ಪ್ರತಿ ಗೀರಿಗೂ ನೆರಳು ಬೀಳುತ್ತದೆ. ಅಂಕಿಗಳ ಸುತ್ತ ಗ್ರೈಂಡರ್ ಆಡಿಸಿದ ಗೀರುಗಳು ಅಡ್ಡಾದಿಡ್ಡಿ ಇದ್ದವು. ನಂಬರ್ ಇದ್ದ ಜಾಗ ಅಕ್ಕಪಕ್ಕದ ಲೋಹಕ್ಕಿಂತ ಕೂದಲೆಳೆಯಷ್ಟು ತಗ್ಗಾಗಿತ್ತು, ಉಗುರಿಗೆ ಸಿಗುವಷ್ಟು. ಕೊನೆಯ ಎರಡು ಅಂಕಿ ಆಳವಾಗಿ ಕೂತಿದ್ದವು, ಮಧ್ಯದ ಒಂದು 3 ಮೇಲ್ಭಾಗದಲ್ಲಿ ಮಾತ್ರ ಒತ್ತಿತ್ತು. ಅಂಕಿ ಕೊರೆದ ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಕೈಕೆಲಸ ಅದು. ಹಳೇ ಗಾಡಿಗಳಲ್ಲಿ ಕಂಪನಿಯ ಅಂಕಿಗಳೂ ಒಮ್ಮೊಮ್ಮೆ ಸೊಟ್ಟಗಿರುತ್ತವೆ, ಅದನ್ನೊಂದೇ ಹಿಡಿದು ಅನುಮಾನ ಪಡಬೇಡಿ. ಅಂಕಿಗಿಂತ ಅದರ ತಳದ ಲೋಹ ನೋಡಿ. ಕಾರ್ಖಾನೆಯವರು ನಂಬರ್ ಹೊಡೆಯುವ ಜಾಗವನ್ನು ಕೈ ಗ್ರೈಂಡರಿನಲ್ಲಿ ಉಜ್ಜುವುದಿಲ್ಲ.

ಮೇಷ್ಟ್ರಿಗೆ ಬೇಡ ಅಂದೆ. ನಂಬರ್ ಅಳಿಸಿ ಹೊಡೆದ ಬ್ಲಾಕ್ ಕದ್ದ ಗಾಡಿಯದ್ದಾಗಿದ್ದರೆ ಪೊಲೀಸರು ಬರುವುದು ಈಗಿನ ಮಾಲೀಕರ ಮನೆಗೆ. ನಿವೃತ್ತಿಯ ದುಡ್ಡಲ್ಲಿ ಕಾರು ತಗೊಳ್ಳುವವರಿಗೆ ಆ ಕಷ್ಟ ಬೇಡವೇ ಬೇಡ.

ಇನ್ನೊಂದು ಗುರುತಿದೆ, ಬಹಳ ಜನರಿಗೆ ಗೊತ್ತಿಲ್ಲ. ಬ್ಲಾಕ್ ಎರಕ ಹೊಯ್ಯುವಾಗ ಎಷ್ಟೋ ಕಂಪನಿಗಳು ತಾರೀಖಿನ ಗುರುತು ಹಾಕುತ್ತವೆ. ಉಬ್ಬಿದ ಅಕ್ಷರ, ಇಲ್ಲವೇ ಗಡಿಯಾರದ ಹಾಗೆ ಒಂದು ಸಣ್ಣ ವೃತ್ತ. ಬ್ಲಾಕ್ ಕಾರಿಗಿಂತ ಮೊದಲು ಹುಟ್ಟಿರಬೇಕು. 2012ರ ಕಾರಿನಲ್ಲಿ 2015ರ ಎರಕ ಕಂಡರೆ ನಂಬರ್ ಏನೇ ಹೇಳಲಿ, ಎಂಜಿನ್ ಬದಲಾಗಿದೆ. ಹಾಗೇ ಎಂಜಿನ್ನನ್ನು ಕಾರಿಗೆ ಬಿಗಿಯುವ ಮೌಂಟಿನ ಬೋಲ್ಟ್ ತಲೆಯಲ್ಲಿ ಸ್ಪ್ಯಾನರ್ ಗಾಯ, ಕೀಲುಗಳಿಂದ ಹೊರಗೆ ಇಣುಕುವ ಕೆಂಪು ಸಿಲಿಕಾನ್ ಅಂಟು, ಟೇಪ್ ಸುತ್ತಿ ಉದ್ದ ಮಾಡಿದ ವೈರುಗಳನ್ನೂ ನೋಡಿ. ಇವು ಎಂಜಿನ್ ಕೆಳಗಿಳಿದಿರಬಹುದು ಅಂತ ಹೇಳುತ್ತವೆ. ಬದಲಾಗಿದೆ ಅಂತ ಹೇಳುವುದಿಲ್ಲ.

ಬದಲಾದ ಎಂಜಿನ್ ಅಂದ ಕೂಡಲೇ ಕಾರು ಬಿಟ್ಟು ಬರುವವರನ್ನೂ ಕಂಡಿದ್ದೇನೆ. ಅದು ಸರಿಯಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಮುಳುಗಿದ್ದು ನೆನಪಿದೆಯಲ್ಲ? ಸಿಲಿಂಡರಿಗೆ ನೀರು ಹೋದಾಗ ಎಂಜಿನ್ ತಿರುಗಿಸಿದರೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕನ್ನೇ ಸೀಳಿಕೊಂಡು ಆಚೆ ಬರುತ್ತದೆ. ಹಾಗೆ ಬ್ಲಾಕ್ ಬದಲಾದ ಒಂದು ಸ್ವಿಫ್ಟ್ ತೀರ್ಥಹಳ್ಳಿಗೆ ಬಂದಿತ್ತು. ವರ್ಕ್‌ಶಾಪ್ ಬಿಲ್ ಇತ್ತು, ಬಿಲ್ಲಿನಲ್ಲಿ ಹೊಸ ನಂಬರ್ ಇತ್ತು, ಆರ್‌ಸಿಯಲ್ಲೂ ಅದೇ ನಂಬರ್, ವಿಮೆ ಪಾಲಿಸಿಯಲ್ಲೂ ಅದೇ. ಒಳಗಿನ ವೈರಿಂಗನ್ನು ಚೆನ್ನಾಗಿ ಪರೀಕ್ಷೆ ಮಾಡಿಸಿ, ಕಣ್ಣು ಮುಚ್ಚಿ ತಗೊಳ್ಳಿ ಅಂದೆ. ದಣಿದ ಒರಿಜಿನಲ್ ಎಂಜಿನ್ನಿಗಿಂತ ದಾಖಲೆ ಇರುವ ಹೊಸ ಬ್ಲಾಕ್ ಎಷ್ಟೋ ಮೇಲು.

ಎಂಜಿನ್ ಬದಲಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ತುಂಬಾ ಜನ ಮಾಡಿಸುವುದಿಲ್ಲ. ಆಮೇಲೆ ಅಪಘಾತವಾದಾಗ ನನ್ನಂಥವನು ಬಂದು ನಂಬರ್ ನೋಡುತ್ತಾನೆ, ತಾಳೆಯಾಗುವುದಿಲ್ಲ, ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಮನೆಯವರ ಎದುರು ನಿಂತು ಅದನ್ನು ಹೇಳುವುದು ಈ ಕೆಲಸದಲ್ಲಿ ನನಗೆ ತೀರಾ ಬೇಸರದ ಗಳಿಗೆ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಬಾನೆಟ್ ಎತ್ತಿಸಿ, ನಂಬರಿನ ಫೋಟೋ ತೆಗೆದುಕೊಳ್ಳಿ. ಎಂಜಿನ್ ಬದಲಾಗಿದ್ದು ಆರ್‌ಸಿ ಹಳೆಯದೇ ಇದ್ದರೆ, ತಿದ್ದಿಸಿ ಕೊಟ್ಟ ಮೇಲೆ ದುಡ್ಡು ಅಂತ ಹೇಳಿ. ಬ್ಲಾಕಿನ ಬಿಲ್ ಇರುವ ಮಾಲೀಕರು ಇದಕ್ಕೆ ಒಪ್ಪುತ್ತಾರೆ. "ಅದೆಲ್ಲ ಯಾರು ನೋಡ್ತಾರೆ ಸಾರ್" ಅಂದರೆ ಸುಮ್ನೆ ಎದ್ದು ಬನ್ನಿ.