ಹರ್ಬೇರಿಯಂ ಶೀಟಿನ ಲೇಬಲ್‌ನಲ್ಲಿ ಏನೇನಿರಬೇಕು?

ನಾನು ಒಂದು ಕಾಲೇಜಿನ ಹರ್ಬೇರಿಯಂನಲ್ಲಿ ಕೆಲಸ ಮಾಡುತ್ತೇನೆ. ಒತ್ತಿ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಬೀರುವಿನಲ್ಲಿ ಕುಟುಂಬವಾರು ಜೋಡಿಸಿಡುವ ಜಾಗ ಅದು. ಪ್ರಾಜೆಕ್ಟಿಗೆ ಅಂತ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವುದೂ ನನ್ನ ಪಾಲಿನದು. ಹೆಚ್ಚಿನವರು ಬಂದ ಹೊಸತರಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: ಮೊಬೈಲಿನಲ್ಲಿ ಒಳ್ಳೆಯ ಫೋಟೊ ಸಿಗುತ್ತದೆ ಅಲ್ವಾ, ಇಷ್ಟೆಲ್ಲ ಯಾಕೆ?

ಒಳ್ಳೆಯ ಪ್ರಶ್ನೆ. ಉತ್ತರ 16ನೇ ಶತಮಾನದ ಇಟಲಿಯಲ್ಲಿದೆ. ಅದಕ್ಕೂ ಮೊದಲು ಸುಮಾರು 1500 ವರ್ಷ ಯುರೋಪಿನ ವೈದ್ಯರಿಗೆ ಗಿಡಗಳ ವಿಷಯದಲ್ಲಿ ದೊಡ್ಡ ಆಧಾರ ಅಂದರೆ ಡಯಾಸ್ಕೊರಿಡೀಸ್. 1ನೇ ಶತಮಾನದ ಈ ಗ್ರೀಕ್ ವೈದ್ಯರು ಸುಮಾರು 600 ಗಿಡಗಳ ಔಷಧಿ ಗುಣ ಬರೆದಿಟ್ಟಿದ್ದರು. ಅದನ್ನು ಕೈಯಲ್ಲಿ ನಕಲು ಮಾಡಿದರು. ಆ ನಕಲನ್ನು ಇನ್ನೊಬ್ಬರು ನಕಲು ಮಾಡಿದರು. ಹೀಗೆ ಹೋಗ್ತಾ ಹೋಗ್ತಾ ಚಿತ್ರದ ಎಲೆ ಒಂದು ಥರ, ಹೊಲದ ಎಲೆ ಇನ್ನೊಂದು ಥರ ಆಯಿತು. ಯಾವುದು ಸರಿ ಅಂತ ತಕರಾರು ಬಂದರೆ ತೋರಿಸಲು ಗಿಡವೇ ಇಲ್ಲ.

ಬೊಲೊನ್ಯಾದಲ್ಲಿ, ಆಮೇಲೆ ಪೀಸಾದಲ್ಲಿ ಪಾಠ ಮಾಡುತ್ತಿದ್ದ ಲೂಕಾ ಗೀನಿ ಗಿಡವನ್ನೇ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿದರು. ದೂರದೂರಿನ ಪಂಡಿತರಿಗೆ ಒಣಗಿದ ಗಿಡಗಳನ್ನು ಕಳಿಸುತ್ತಿದ್ದರು. ಅವರ ಸ್ವಂತ ಸಂಗ್ರಹ ಉಳಿದಿಲ್ಲ. ವಿದ್ಯೆ ಮಾತ್ರ ಶಿಷ್ಯರ ಕೈಯಲ್ಲಿ ಬೆಳೆಯಿತು. ಶಿಷ್ಯ ಆಂದ್ರೆಯಾ ಚೆಸಾಲ್ಪೀನೊ 1583ರಲ್ಲಿ ಗಿಡಗಳನ್ನು ಹಣ್ಣು, ಬೀಜ ನೋಡಿ ವಿಂಗಡಿಸಿದರು. ಯಾವ ರೋಗಕ್ಕೆ ಯಾವ ಗಿಡ ಅನ್ನುವುದು ಬಿಟ್ಟು, ಯಾವ ಗಿಡ ಯಾವುದರ ಹಾಗಿದೆ ಅಂತ ಕೇಳಲು ಶುರು ಮಾಡಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡ ತಿರುವು. ಮುಂದೆ 18ನೇ ಶತಮಾನದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಶೀಟುಗಳನ್ನು ಪುಸ್ತಕದ ಹಾಗೆ ಹೊಲಿಸದೆ ಬಿಡಿಬಿಡಿಯಾಗಿ ಬೀರುವಿನಲ್ಲಿಟ್ಟರು. ಹೊಸ ಗಿಡ ಬಂದರೆ ನಡುವೆ ಸೇರಿಸಬಹುದು. ಅಭಿಪ್ರಾಯ ಬದಲಾದರೆ ಜಾಗ ಬದಲಿಸಬಹುದು. ನಾವು ಇವತ್ತಿಗೂ ಹಾಗೇ ಮಾಡುತ್ತೇವೆ.

ಅಂದರೆ ನಮ್ಮ ಮಾತನ್ನು ಒಪ್ಪದವರು ಮುಂದೆ ಎಂದಾದರೂ ಬಂದು ಪರೀಕ್ಷೆ ಮಾಡುವ ಹಾಗೆ ಶೀಟು ಇರಬೇಕು. ಪ್ರೆಸ್ ಮಾಡುವಾಗ ಒಂದು ಎಲೆಯನ್ನಾದರೂ ಮಗುಚಿ ಇಡಿ ಅಂತ ಹೇಳುವುದು ಅದಕ್ಕೇ. ಕೆಳಗಿನ ರೋಮ, ನರಗಳು ಅಂಟಿಸಿದ ಮೇಲೆ ಕಾಣುವುದಿಲ್ಲ. ಕಾಯಿ ದಪ್ಪಗಿದ್ದರೆ ಸೀಳಿ ಒತ್ತಬೇಕು. ಮಳೆಗಾಲದ ಮಲೆನಾಡಿನಲ್ಲಿ ದಿನಾ ಪೇಪರ್ ಬದಲಿಸದಿದ್ದರೆ ಬೂಸ್ಟು ಗ್ಯಾರಂಟಿ. ಉದುರಿದ ಹೂವು, ಬೀಜಗಳನ್ನು ಗುಡಿಸಿ ಬಿಸಾಡಬೇಡಿ. ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಶೀಟಿಗೇ ಅಂಟಿಸಿ. ಎಷ್ಟೋ ವರ್ಷದ ಮೇಲೆ ಯಾರೋ ಆ ಒಣ ಹೂವನ್ನು ನೀರಿನಲ್ಲಿ ಕುದಿಸಿ, ಮೆತ್ತಗಾದ ಮೇಲೆ ಮೈಕ್ರೋಸ್ಕೋಪಿನಡಿ ಬಿಡಿಸಿ ಕೇಸರಗಳನ್ನು ಎಣಿಸುತ್ತಾರೆ. ಫೋಟೊದ ಹೂವನ್ನು ಹಾಗೆ ಬಿಡಿಸಲು ಬರುವುದಿಲ್ಲ.

ಆದರೆ ಒಣಗಿದ ಗಿಡ ಎಲ್ಲವನ್ನೂ ಹೇಳುವುದಿಲ್ಲ. ಹೂವಿನ ಬಣ್ಣ ಹೋಗುತ್ತದೆ. ವಾಸನೆ ಹೋಗುತ್ತದೆ. ಎಲೆ ಕಿತ್ತಾಗ ಹಾಲು ಬಂತಾ, ಮರ ಎಷ್ಟು ಎತ್ತರ ಇತ್ತು, ಹೊಳೆ ಪಕ್ಕದ್ದಾ, ಬಂಡೆ ಮೇಲಿನದ್ದಾ ಎಂಬುದೆಲ್ಲ ಲೇಬಲ್‌ನಲ್ಲಿ ಬರಬೇಕು. ಹೂವು ಕಾಯಿ ಎರಡೂ ಇರುವ ಸೊಗಸಾದ ಶೀಟು ಕೆಲವೊಮ್ಮೆ ನಮಗೆ ಬರುತ್ತದೆ. ಲೇಬಲ್‌ನಲ್ಲಿ ಬರೀ 'ಪಶ್ಚಿಮ ಘಟ್ಟ' ಅಂತಿರುತ್ತದೆ. ಘಟ್ಟ ಅಂದರೆ ಸುಮಾರು 1600 ಕಿಲೋಮೀಟರ್ ಉದ್ದ. ಎಲ್ಲಿ ಅಂತ ಹುಡುಕೋದು? ನಿಜವಾಗಿ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ಊರಿನವರು ಗಿಡದ ಹೆಸರು, ಬಳಕೆ ಹೇಳಿದರೆ, ಅವರನ್ನು ಕೇಳಿ, ಒಪ್ಪಿದರೆ ಅವರ ಹೆಸರನ್ನೂ ಬರೆಯಬೇಕು. 'ಸ್ಥಳೀಯರು ಹೇಳಿದ್ದು' ಅಂದರೆ ಸಾಲದು. ಮಲಬಾರಿನ ಡಚ್ ಗವರ್ನರ್ ಆಗಿದ್ದ ವಾನ್ ರೀಡೆ ಅಲ್ಲಿನ ಗಿಡಗಳ ಬಗ್ಗೆ ಮಾಡಿಸಿದ 'ಹಾರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಅವರ ಹೇಳಿಕೆಗಳು ಮೊದಲ ಸಂಪುಟದಲ್ಲೇ ಅವರವರ ಲಿಪಿಯಲ್ಲಿವೆ, ಕೊಂಕಣಿಯದು ನಾಗರಿಯಲ್ಲಿದೆ. ಲಿನೇಯಸ್ ಭಾರತ ನೋಡಿದವರೇ ಅಲ್ಲ. 1753ರಲ್ಲಿ ನಮ್ಮ ಅಡಿಕೆಗೆ 'ಅರೆಕಾ ಕಟೆಚು' ಅಂತ ಹೆಸರಿಟ್ಟಾಗ ಅವರು ಈ ಪುಸ್ತಕದ 'ಕವುಂಗು' ವಿವರಣೆಯನ್ನು ಆಧಾರವಾಗಿ ಕೊಟ್ಟಿದ್ದಾರೆ. ಆ ವಿವರಣೆಯ ಹಿಂದೆ ಯಾರಿದ್ದರು ಅಂತ ಇವತ್ತು ನಮಗೆ ಗೊತ್ತಿರುವುದು ಹೆಸರು ಅಚ್ಚಾಗಿದ್ದರಿಂದ ಮಾತ್ರ. ಹೀಗೆ ಹೆಸರು ಉಳಿಯದೇ ಹೋದ ನಾಟಿ ವೈದ್ಯರು, ಕಾಡಿನ ಜನ ಇನ್ನೆಷ್ಟೋ ಮಂದಿ.

ಹಾಗಾಗಿ ಗಿಡ ಸಿಕ್ಕಿದ ಊರು, ತಾರೀಖು, ಜಿಪಿಎಸ್, ಹೂವಿನ ಬಣ್ಣ, ಗಿಡ ಇದ್ದ ಜಾಗ, ಸಂಗ್ರಹಿಸಿದವರು, ಹೆಸರು ಹೇಳಿದವರು, ಇಷ್ಟನ್ನೂ ಗಿಡದ ಮುಂದೆ ನಿಂತೇ ಫೀಲ್ಡ್ ಬುಕ್ಕಿನಲ್ಲಿ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಅಕ್ಷರ ಮಳೆಗೆ ಕಲಸಿಹೋಗುತ್ತದೆ. ಅದೇ ನಂಬರಿನ ಟ್ಯಾಗನ್ನು ಕೊಂಬೆಗೆ ಅಲ್ಲೇ ಕಟ್ಟಿ. ರೂಮಿಗೆ ಹೋಗಿ ಕಟ್ಟೋಣ ಅಂದುಕೊಂಡರೆ, ಚೀಲ ತುಂಬುವಷ್ಟರಲ್ಲಿ ಯಾವ ಕೊಂಬೆ ಯಾವ ಮರದ್ದು ಅಂತ ಮರೆತೇ ಹೋಗಿರುತ್ತದೆ.